ಹಂಪ್ ಯಲ್ಲಯ್ಯನವರ ನರಕೋಶದ ಚಿಂತೆ

ಹೊಸಕೆರೆಹಳ್ಳಿಯ ಯಲ್ಲಯ್ಯನವರನ್ನು ಕಣ್ಣಾರೆ ಕಂಡವರು ಕಡಿಮೆ. ಆದರೆ ಅವರ ಕೈಕೆಲಸದ ರುಚಿ ನೋಡದವರು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇನ್ನೂ ಕಡಿಮೆ. ಬನಶಂಕರಿಯಿಂದ ಜೆ.ಪಿ. ನಗರದ ಕಡೆಗೆ ಸ್ಕೂಟರಿನಲ್ಲಿ ಹೋಗುತ್ತಿರುವಾಗ ಎಲ್ಲೋ ಒಂದು ಕಡೆ ಸೀಟಿನಿಂದ ನಾಲ್ಕು ಬೆರಳು ಮೇಲೆದ್ದು, ಹಲ್ಲಿಗೆ ಹಲ್ಲು ಬಡಿದು, ‘ಯಾವನಪ್ಪಾ ಇದನ್ನ ಹಾಕ್ದೋನು’ ಎಂದು ಬೈದುಕೊಂಡವರೆಲ್ಲ ತಮಗೆ ಗೊತ್ತಿಲ್ಲದೆಯೇ ಯಲ್ಲಯ್ಯನವರನ್ನು ಬೈದಿದ್ದಾರೆ.

ಒಬ್ಬ ರಸ್ತೆ ಕಂಟ್ರಾಕ್ಟರ್ ಹತ್ತಿರ ಅವರು ಮೂವತ್ತೊಂದು ವರ್ಷ ದುಡಿದರು. ಮೊದಲು ಜಲ್ಲಿ ಹೊರುವ ಕೆಲಸ, ಆಮೇಲೆ ಡಾಂಬರು ಹರಡುವ ಕೆಲಸ, ಕೊನೆಗೆ ಮೇಸ್ತ್ರಿ. ನೆಟ್ಟಗಿನ ರಸ್ತೆಯನ್ನು ಯಾರು ಬೇಕಾದರೂ ಹಾಕುತ್ತಿದ್ದರು. ಹಂಪ್ ಹಾಕುವುದಕ್ಕೆ ಮಾತ್ರ ಯಲ್ಲಯ್ಯನವರೇ ಬೇಕು. ನಕ್ಷೆಯಲ್ಲಿ ಅದರ ಎತ್ತರ ನಾಲ್ಕು ಇಂಚು ಎಂದು ಬರೆದಿರುತ್ತದೆ, ಆದರೆ ಬಿಸಿ ಡಾಂಬರಿನ ಎದುರು ನಿಂತಾಗ ನಕ್ಷೆ ಯಾರ ಕೈಯಲ್ಲಿ ಇರುತ್ತದೆ? ಎಲ್ಲವೂ ಕಣ್ಣಳತೆಯ ಮೇಲೆ ಆಗಬೇಕು. ಯಲ್ಲಯ್ಯನವರಿಗೆ ಕಣ್ಣಳತೆಯೂ ಇತ್ತು, ಧಾರಾಳ ಮನಸ್ಸೂ ಇತ್ತು. ಕೆಲಸ ಮುಗಿದ ಮೇಲೆ ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, “ಇನ್ನೊಂದು ಬಾಂಡ್ಲಿ ಡಾಂಬರ್ ಹಾಕ್ರೋ” ಅನ್ನುತ್ತಿದ್ದರು. ಆ ಒಂದು ಬಾಂಡ್ಲಿಯಿಂದಲೇ ಅವರ ಹಂಪುಗಳಿಗೆ ಒಂದು ಸ್ವಂತ ವ್ಯಕ್ತಿತ್ವ ಬಂತು. ಜೊತೆಯವರು ಹಂಪ್ ಯಲ್ಲಯ್ಯ ಎಂದು ಕರೆಯತೊಡಗಿದರು. ಅವರು ಅದನ್ನು ಬಿರುದು ಎಂದೇ ತಿಳಿದರು.

ಮಂಡಿ ಕೈಕೊಟ್ಟು ಅರವತ್ತಕ್ಕೆ ಕೆಲಸ ಬಿಟ್ಟಾಗ ಹಂಪುಗಳ ಲೆಕ್ಕ ಇನ್ನೂರ ಹದಿನಾಲ್ಕಕ್ಕೆ ನಿಂತಿತ್ತು. ಆಮೇಲೆ ಸಂಜೆ ಹೊತ್ತು ಅವರಿಗೆ ಒಂದೇ ಹವ್ಯಾಸ. ತಮ್ಮ ಯಾವುದಾದರೂ ಒಂದು ಹಂಪಿನ ಹತ್ತಿರ ಕಲ್ಲಿನ ಮೇಲೆ ಕೂತು ವಾಹನಗಳನ್ನು ನೋಡುವುದು. ಕಾರು ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಬಂದಾಗ ಮೂತಿ ತಗ್ಗಿಸಿ ಮೆಲ್ಲಗೆ ನಡೆಯುತ್ತಿತ್ತು. ಯಲ್ಲಯ್ಯನವರು ಅದಕ್ಕೆ ತಲೆಯಾಡಿಸಿ ಅನುಮತಿ ಕೊಡುತ್ತಿದ್ದರು.

ಇಷ್ಟು ನೆಮ್ಮದಿಯಾಗಿದ್ದ ಮನುಷ್ಯನ ನಿದ್ದೆ ಕೆಡಿಸಿದ್ದು ಮಗಳು ಸುಧಾಮಣಿ. ಅವಳು ಬಿ.ಟಿ.ಎಂ. ಲೇಔಟಿನ ಒಂದು ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಅಳಿಯ ಸುಭಾಷ್ ಜಯನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾನೆ. ಇಬ್ಬರೂ ಯಲ್ಲಯ್ಯನವರ ಮನೆಯ ಮೇಲಿನ ಮಹಡಿಯಲ್ಲೇ ಇದ್ದರು. ಆ ಜನವರಿಯಲ್ಲಿ ಸುಧಾಮಣಿಗೆ ನಾಲ್ಕು ತಿಂಗಳು.

ಒಂದು ಭಾನುವಾರ ಅಪ್ಪ ನಡುಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಮಗಳು ಪಕ್ಕದಲ್ಲಿ ಪುಸ್ತಕ ಹರಡಿಕೊಂಡು ಮರುದಿನದ ಪಾಠಕ್ಕೆ ಚಿತ್ರ ಬರೆದುಕೊಳ್ಳುತ್ತಿದ್ದಳು.

“ಏನಮ್ಮಾ ಅದು, ಬಿದಿರು ಮೆಳೆನಾ?” ಎಂದು ಯಲ್ಲಯ್ಯನವರು ಬಗ್ಗಿ ನೋಡಿದರು.

“ಮಗು ಮೆದುಳು ಅಪ್ಪ. ಹೆಂಗೆ ಕಟ್ಕೊಳ್ಳುತ್ತೆ ಅಂತ. ನರಕೋಶಗಳು ಹುಟ್ಟೋದು ಒಳಗಡೆ, ಇಲ್ಲಿ ತಳದಲ್ಲಿ. ಆದ್ರೆ ಅವು ಕೆಲಸ ಮಾಡ್ಬೇಕಾದ ಜಾಗ ಮೇಲ್ಗಡೆ ಇರುತ್ತೆ. ಅಲ್ಲೀತನಕ ಅವೇ ನಡ್ಕೊಂಡು ಹೋಗ್ಬೇಕು.”

“ಕಾಲಿದಾವಾ?”

“ಕಾಲಿಲ್ಲ. ತಳದಿಂದ ಮೇಲಿನ ತನಕ ಉದ್ದುದ್ದ ಕೋಶಗಳು ಕಂಬದ ಥರ ನಿಂತಿರ್ತಾವೆ. ಅವನ್ನ ತಬ್ಕೊಂಡು ಹತ್ತುತಾವೆ.”

“ಸಾರ್ವೆ ಕಟ್ಟಿದ್ದಾರೆ ಅನ್ನು, ಬಿಲ್ಡಿಂಗ್‌ಗೆ ಕಟ್ಟೋ ಹಂಗೆ.”

ಸುಧಾಮಣಿ ಪೆನ್ನು ಕೆಳಗಿಟ್ಟಳು. ಅವಳ ವಿದ್ಯಾರ್ಥಿಗಳಿಗೆ ಎರಡು ಪೀರಿಯಡ್ ಬೇಕಾಗುತ್ತಿದ್ದ ವಿಷಯ ಅಪ್ಪನಿಗೆ ಒಂದು ಅವರೆಕಾಯಿ ಸುಲಿಯುವಷ್ಟರಲ್ಲಿ ಹತ್ತಿತ್ತು. ಅವಳಿಗೆ ಹುರುಪು ಬಂದು ಮುಂದಿನದನ್ನೂ ಹೇಳಿದಳು. ಮೊದಲು ಹತ್ತಿದ ಗುಂಪು ಕೆಳಗಿನ ಪದರದಲ್ಲಿ ನಿಲ್ಲುತ್ತದೆ. ಆಮೇಲೆ ಬಂದ ಗುಂಪು ಅವುಗಳ ನಡುವೆಯೇ ತೂರಿಕೊಂಡು ಅವುಗಳಿಗಿಂತ ಮೇಲೆ ಹೋಗಿ ನಿಲ್ಲುತ್ತದೆ. ಅದಕ್ಕೂ ಆಮೇಲೆ ಬಂದದ್ದು ಇನ್ನೂ ಮೇಲೆ. ಹೀಗೆ ಆರು ಪದರ.

ಯಲ್ಲಯ್ಯನವರ ಕೈ ನಿಂತಿತು. “ಹಾಕಿರೋ ಡಾಂಬರ್ ಒಳಗಿಂದ ತೂರ್ಕೊಂಡು ಮೇಲೆ ಬಂದು ಹೊಸ ಡಾಂಬರ್ ಆಗುತ್ತಾ? ಆರು ಸಲ? ನಾವು ಮೇಲಿಂದ ಮೂರು ಪದರ ಸುರಿಯೋವಾಗ್ಲೇ ಸುಸ್ತಾಗ್ತಿದ್ವಲ್ಲ. ಇಲ್ಲಿ ನಿಲ್ಲು ಅಂತ ಅವಕ್ಕೆ ಯಾರು ಹೇಳ್ತಾರೆ?”

“ಮೇಲ್ಗಡೆ ಕೆಲವು ಕೋಶ ಇದಾವೆ. ಅವು ಒಂದು ಪ್ರೋಟೀನ್ ಬಿಡ್ತಾವೆ. ಅದು ಸಿಕ್ಕಿದ್ಮೇಲೆ ಇವು ಕಂಬ ಬಿಟ್ಟು ಜಾಗ ಹಿಡೀತಾವೆ.”

“ಮೇಸ್ತ್ರಿ ಅನ್ನು.”

“ಹ್ಞೂಂ, ಮೇಸ್ತ್ರಿ ಅನ್ಕೋ.”

“ಮಧ್ಯದಲ್ಲೇ ಎಲ್ಲೋ ನಿಂತ್‌ಬಿಟ್ರೆ?”

“ತೊಂದ್ರೆ ಆಗುತ್ತೆ. ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತೆ, ಕಲಿಯೋದು ಕಷ್ಟ ಆಗುತ್ತೆ. ಆದ್ರೆ ಅದು ತುಂಬಾ ಅಪರೂಪ ಅಪ್ಪ.” ಸುಧಾಮಣಿ ನಗುತ್ತಾ ಹೊಟ್ಟೆಯ ಮೇಲೆ ಕೈಯಿಟ್ಟಳು. “ಇಲ್ಲೂ ಈಗ ಅದೇ ಕೆಲ್ಸ ನಡೀತಿದೆ ನೋಡು. ಆರು ತಿಂಗಳು ಆಗೋ ತನಕ ಫುಲ್ ಬಿಜಿ.”

ಅವಳು ಅದನ್ನು ಸಂತೋಷಕ್ಕೆ ಹೇಳಿದ್ದು. ಯಲ್ಲಯ್ಯನವರು ಮಾತ್ರ ಸುಲಿದ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕತೊಡಗಿದರು. ಅವರ ಕಣ್ಣೆದುರು ಸಾರ್ವೆ ನಿಂತಿತ್ತು. ವಿಲ್ಸನ್ ಗಾರ್ಡನ್‌ನಲ್ಲಿ ಒಮ್ಮೆ ಲಾರಿಯೊಂದು ರಿವರ್ಸ್ ಬರುತ್ತಾ ಸಾರ್ವೆಯ ಬುಡಕ್ಕೆ ತಾಗಿ, ಮೇಲೆ ಬಣ್ಣ ಬಳಿಯುತ್ತಿದ್ದ ಇಬ್ಬರು ಕಂಬಕ್ಕೆ ಜೋತುಬಿದ್ದು ಅಮ್ಮನನ್ನು ಕರೆದಿದ್ದನ್ನು ಅವರು ಕಂಡಿದ್ದರು. ಈಗ ಆ ಕಂಬದ ಮೇಲೆ ಇರುವುದು ಸ್ವಂತ ಮೊಮ್ಮಗುವಿನ ಬುದ್ಧಿ. ಅದರ ಬುಡ ಅಲ್ಲಾಡಿಸುವ ಲಾರಿ ಯಾವುದು?

ಸುಧಾಮಣಿ ದಿನವೂ ಸುಭಾಷನ ಸ್ಕೂಟರಿನಲ್ಲಿ ಕತ್ರಿಗುಪ್ಪೆ, ಬನಶಂಕರಿ, ಜೆ.ಪಿ. ನಗರ ದಾಟಿ ಬಿ.ಟಿ.ಎಂ.ಗೆ ಹೋಗುತ್ತಿದ್ದಳು. ಯಲ್ಲಯ್ಯನವರು ಕಣ್ಣು ಮುಚ್ಚಿ ಆ ದಾರಿಯಲ್ಲಿ ಹೋಗಿ ಬಂದರು. ಇಪ್ಪತ್ಮೂರು ಹಂಪು. ಅದರಲ್ಲಿ ಹದಿನಾಲ್ಕು ಅವರವೇ. ಹದಿನಾಲ್ಕಕ್ಕೂ ಒಂದೊಂದು ಬಾಂಡ್ಲಿ ಜಾಸ್ತಿ.

ಅನ್ನದ ಮುಂದೆ ಸುಮ್ಮನೆ ಕೂತ ಗಂಡನನ್ನು ಈಶ್ವರಮ್ಮ ವಿಚಾರಿಸಿಕೊಂಡರು. ಕಥೆಯೆಲ್ಲ ಕೇಳಿ ಆಕೆ ಹುಳಿ ಬಡಿಸುತ್ತಲೇ ಹೇಳಿದರು. “ಸುಧಾ ಹೊಟ್ಟೇಲಿದ್ದಾಗ ನಾನೂ ನಿಮ್ಮ ಹಂಪ್ ಮೇಲೇ ಬಸ್ಸಲ್ಲಿ ಓಡಾಡಿದ್ದು. ಕೊನೇ ಸೀಟಲ್ಲಿ. ಅವಳಿಗೇನಾಗಿದೆ?”

ಯಲ್ಲಯ್ಯನವರು ಅನ್ನಕ್ಕೆ ಹುಳಿ ಕಲೆಸಿದರು. “ಅದಕ್ಕೇ ಅವಳು ಗಣಿತ ಬಿಟ್ಟು ಬಯಾಲಜಿ ತಗೊಂಡಿದ್ದು,” ಅಂದರು.

ಮರುದಿನದಿಂದ ಅವರು ಪರೀಕ್ಷೆಗೆ ಇಳಿದರು. ಮೆದುಳು ಹೆಪ್ಪುಗಟ್ಟಿದ ಮೊಸರಿನಷ್ಟು ಮೆತ್ತಗಿರುತ್ತದೆ ಎಂದು ಮಗಳೇ ಎಂದೋ ಹೇಳಿದ್ದಳು. ಆದ್ದರಿಂದ ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಸರು ಹೆಪ್ಪು ಹಾಕಿಸಿ, ಅದರಲ್ಲಿ ಹನ್ನೆರಡು ಪೊರಕೆ ಕಡ್ಡಿ ನೆಟ್ಟಗೆ ನಿಲ್ಲಿಸಿದರು. ಒಂದೊಂದು ಕಡ್ಡಿಗೂ ನೆನೆದ ಸಬ್ಬಕ್ಕಿ ಕಾಳು ಐದೈದು ಅಂಟಿಸಿದರು. ಈಶ್ವರಮ್ಮ ಬಾಗಿಲಲ್ಲಿ ನಿಂತು ನೋಡಿ, “ಇದು ಯಾರ ಮೆದುಳು?” ಎಂದು ಕೇಳಿದರು. ಯಲ್ಲಯ್ಯನವರು ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಕತ್ರಿಗುಪ್ಪೆ ಸ್ಟ್ಯಾಂಡಿನ ಆಟೋ ಡ್ರೈವರ್ ಕೊಟ್ರಪ್ಪನನ್ನು ಕರೆಸಿದರು.

ಕೊಟ್ರಪ್ಪ ಐದಾರು ವರ್ಷದ ಪರಿಚಯದವನು. ಯಾವ ಪ್ರಶ್ನೆಯನ್ನೂ ಕೇಳದೆ ಎಲ್ಲಿಗೆ ಬೇಕಾದರೂ ಬರುವ ಗುಣ ಅವನದು. ಯಲ್ಲಯ್ಯನವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಮೊದಲ ನಾಲ್ಕು ಹಂಪು ಬೇರೆಯವರು ಹಾಕಿದ್ದು, ಸಬ್ಬಕ್ಕಿ ಗಟ್ಟಿಯಾಗಿ ನಿಂತಿತ್ತು. ಐದನೆಯದು ಅವರ ಸ್ವಂತ ಹಂಪು. ಅಲ್ಲಿ ಮುಚ್ಚಳ ಸಡಿಲವಾಯಿತು. ಏಳನೆಯದರಲ್ಲಿ ಮುಚ್ಚಳವೂ ಅರ್ಧ ಮೊಸರೂ ಎದ್ದು ಕೊಟ್ರಪ್ಪನ ಕತ್ತಿನ ಹಿಂದೆ ಹೋಗಿ ಕೂತವು. ಕೊಟ್ರಪ್ಪ ಆಟೋ ಪಕ್ಕಕ್ಕೆ ನಿಲ್ಲಿಸಿ, ಕಾಲರಿನೊಳಗಿನ ಸಬ್ಬಕ್ಕಿ ತೆಗೆಯುತ್ತಾ ಹಿಂದೆ ತಿರುಗಿದ.

“ಅಣ್ಣ, ಏನಿದು?”

“ನಮ್ಮ ಮೊಮ್ಮಗು ತಲೆ.”

ಕೊಟ್ರಪ್ಪ ಡಬ್ಬಿಯೊಳಗೆ ಇಣುಕಿದ. “ಮಜ್ಜಿಗೆ ಆಗೋಗಿದೆ ಅಣ್ಣ,” ಅಂದ ಬೇಸರದಿಂದ.

ಯಲ್ಲಯ್ಯನವರು ಅಲ್ಲೇ ರಸ್ತೆ ಬದಿ ಕೂತು ಕಾಳು ಎಣಿಸಿದರು. ಅರವತ್ತರಲ್ಲಿ ಕಂಬ ಹಿಡಿದು ಉಳಿದದ್ದು ಒಂಬತ್ತು.

ಅಂದು ರಾತ್ರಿಯೇ ಮನೆಯಲ್ಲಿ ಹೊಸ ಏರ್ಪಾಡು ಪ್ರಕಟವಾಯಿತು. ಇನ್ನು ಮುಂದೆ ಸುಧಾಮಣಿ ಸ್ಕೂಟರ್ ಹತ್ತುವ ಹಾಗಿಲ್ಲ. ಕೊಟ್ರಪ್ಪನ ಆಟೋದಲ್ಲಿ, ಅಪ್ಪನ ಉಸ್ತುವಾರಿಯಲ್ಲಿ ಹೋಗಬೇಕು.

“ಮಾವ, ಮೆಟ್ರೋದಲ್ಲಿ ಹಂಪೇ ಇಲ್ವಲ್ಲ,” ಎಂದು ಸುಭಾಷ್ ಮೆಲ್ಲಗೆ ಹೇಳಿ ನೋಡಿದ.

“ಮೆಟ್ರೋ ಸ್ಟೇಷನ್‌ಗೆ ಹೋಗೋ ದಾರೀಲಿ ಆರಿದಾವೆ. ನಾಲ್ಕು ನಂದೇ,” ಅಂದರು ಯಲ್ಲಯ್ಯನವರು. ಆ ದನಿಯಲ್ಲಿ ಪಶ್ಚಾತ್ತಾಪದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು.

ಸುಧಾಮಣಿ ತಲೆ ಚಚ್ಚಿಕೊಂಡಳು. ಕೋಶಗಳು ಹಾಗೆಲ್ಲ ಉದುರುವುದಿಲ್ಲ ಎಂದು ವಿವರಿಸಿದಳು. ಅಪ್ಪ ಪರೀಕ್ಷೆಯ ಫಲಿತಾಂಶ ಹೇಳಿದರು. ಮೊಸರಿಗೂ ಮೆದುಳಿಗೂ ವ್ಯತ್ಯಾಸ ಇದೆ ಎಂದು ಅವಳು ಹೇಳಿದರೆ, ನೀನೇ ಹೇಳಿದ್ದಲ್ವಾ ಅಂದರು. ಕೊನೆಗೆ, ಒಂದು ವಾರ ಅಪ್ಪನ ಸಮಾಧಾನಕ್ಕೆ ಹೋಗಿಬರೋಣ ಎಂದು ಅವಳು ಒಪ್ಪಿದಳು. ಆ ಒಂದು ವಾರದ ಬಗ್ಗೆ ಅವಳು ಇಂದಿಗೂ ಹೆಚ್ಚು ಮಾತಾಡುವುದಿಲ್ಲ.

ಕ್ರಮ ಹೀಗಿತ್ತು. ಹಂಪು ಕಂಡ ಕೂಡಲೇ ಕೊಟ್ರಪ್ಪ ಆಟೋ ನಿಲ್ಲಿಸಬೇಕು. ಯಲ್ಲಯ್ಯನವರು ಇಳಿದು, ಹೆಗಲ ಮೇಲಿನ ಕೆಂಪು ಟವೆಲ್ ಬೀಸಿ ಹಿಂದಿನ ವಾಹನಗಳನ್ನು ತಡೆಯಬೇಕು. ಸುಧಾಮಣಿ ಇಳಿದು ಹಂಪನ್ನು ನಡೆದು ದಾಟಬೇಕು. ಆಮೇಲೆ ಖಾಲಿ ಆಟೋ ದಾಟಬೇಕು. ಖಾಲಿ ಆಟೋ ದಾಟುವಾಗಲೂ ಯಲ್ಲಯ್ಯನವರು ಬಿಡದೆ, “ಓರೆ, ಓರೆ, ಒಂದೊಂದೇ ಚಕ್ರ” ಎಂದು ಕೈ ತೋರಿಸುತ್ತಿದ್ದರು. ಮತ್ತೆ ಇಬ್ಬರೂ ಹತ್ತಬೇಕು. ಇದು ಇಪ್ಪತ್ಮೂರು ಸಲ.

ಮೊದಲ ದಿನ ಬಿ.ಟಿ.ಎಂ. ಮುಟ್ಟುವುದಕ್ಕೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಎರಡನೆಯ ದಿನ ಬನಶಂಕರಿಯಲ್ಲಿ ಒಬ್ಬ ಸ್ಕೂಟರಿನವನು, “ಏನ್ ಗುರು, ಗೃಹಪ್ರವೇಶನಾ?” ಎಂದು ಕೇಳಿಕೊಂಡು ಹೋದ. ಮೂರನೆಯ ದಿನ ಒಬ್ಬಳು ಮುದುಕಿ, ಹಂಪಿಗೊಮ್ಮೆ ಇಳಿದು ನಡೆಯುವ ಗರ್ಭಿಣಿಯನ್ನು ನೋಡಿ ಇದೇನೋ ಹರಕೆ ಇರಬೇಕೆಂದು ಕೈಮುಗಿದಳು. ನಾಲ್ಕನೆಯ ದಿನ ಟ್ರಾಫಿಕ್ ಪೊಲೀಸಿನವರು ಬಂದು ಟವೆಲ್ ಹಿಡಿದುಕೊಂಡರು.

“ಏನ್ ಯಜಮಾನ್ರೆ ನಡೀತಿದೆ ಇಲ್ಲಿ?”

“ಸಾರ್, ಒಳಗಡೆ ಕೋಶಗಳು ಹತ್ತುತಿದಾವೆ. ಅಲ್ಲಾಡಿಸಬಾರದು.”

ಪೊಲೀಸಿನವರು ಆಟೋದೊಳಗೆ ಬಗ್ಗಿ ನೋಡಿದರು. ಸುಧಾಮಣಿ ಮುಖದ ಮೇಲೆ ದುಪಟ್ಟಾ ಹಾಕಿಕೊಂಡು ಕೂತಿದ್ದಳು. ಕೊಟ್ರಪ್ಪ, “ಲಾಯರ್ ಅಲ್ಲ ಸಾರ್, ಲೆಕ್ಚರರ್,” ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ. ಪೊಲೀಸಿನವರು ಟವೆಲನ್ನು ವಾಪಸ್ ಕೊಟ್ಟು ಹೋಗಿಬಿಟ್ಟರು.

ಆ ದಿನ ಕಾಲೇಜಿಗೆ ತಲುಪಿದಾಗ ಎರಡನೆಯ ಪೀರಿಯಡ್ ಮುಗಿದಿತ್ತು. ಸುಧಾಮಣಿ ಅಪ್ಪನ ಮುಖ ನೋಡದೆ ಹೇಳಿದಳು. “ನಾಳೆ ಒಂದಿನ ನೋಡ್ತೀನಿ ಅಪ್ಪ. ಆಮೇಲೆ ನಾನು ಸ್ಕೂಟರೇ.”

ದಾರಿ ಬದಲಾಗದಿದ್ದರೆ ಹಂಪನ್ನೇ ಬದಲಾಯಿಸಬೇಕು ಎಂದು ಯಲ್ಲಯ್ಯನವರು ತೀರ್ಮಾನಿಸಿದರು. ಹಾಕಿದವರಿಗೆ ತೆಗೆಯುವ ಹಕ್ಕು ಇಲ್ಲವೇ? ಮರುದಿನ ಬೆಳಗ್ಗೆ ಹಾಲಿನ ವ್ಯಾನು ಓಡಾಡುವ ಹೊತ್ತಿಗೆ, ಹಾರೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಜೆ.ಪಿ. ನಗರದ ಒಂದು ಅಡ್ಡರಸ್ತೆಗೆ ಹೋದರು. ಹದಿನಾಲ್ಕರಲ್ಲಿ ಅತಿ ಎತ್ತರದ್ದು ಅದು. ಅವರು ಅದನ್ನು ಹಾಕಿ ಒಂಬತ್ತು ವರ್ಷವಾಗಿತ್ತು. ಒಂದು ಚೂರೂ ಸವೆದಿರಲಿಲ್ಲ. ಯಲ್ಲಯ್ಯನವರು ಹಾರೆಯನ್ನು ಎತ್ತಿ ನಿಂತರು, ಮನಸ್ಸು ಬರದೆ ಇಳಿಸಿದರು, ಮತ್ತೆ ಎತ್ತಿದರು. ಒಂದೇ ಏಟು ಹಾಕಿದ್ದರು. ಹಂಪಿಗೆ ಏನೂ ಆಗಲಿಲ್ಲ, ಅವರ ಭುಜ ಜುಮ್ಮೆಂದಿತು. ಅಷ್ಟರಲ್ಲಿ ಎದುರು ಮನೆಯ ಗೇಟು ತೆಗೆದುಕೊಂಡು ಮಫ್ಲರ್ ಕಟ್ಟಿದ ವಯಸ್ಸಾದವರೊಬ್ಬರು ಓಡಿ ಬಂದರು.

“ಯಾರ್ರೀ ನೀವು? ಮುಟ್ಟಬೇಡಿ ಅದನ್ನ. ಆರು ವರ್ಷ ಅರ್ಜಿ ಬರೆದು ಹಾಕಿಸಿಕೊಂಡಿದ್ದೀನಿ ನಾನು.”

“ಸಾರ್, ನಾನೇ ಹಾಕಿದ್ದು.”

“ಅರ್ಜಿನಾ?”

“ಅಲ್ಲ ಸಾರ್. ಹಂಪು.”

ಬದರಿನಾಥ ಎಂಬ ಆ ನಿವೃತ್ತ ಬ್ಯಾಂಕ್ ಅಧಿಕಾರಿ ಹಂಪನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಆಮೇಲೆ ಯಲ್ಲಯ್ಯನವರ ಎರಡೂ ಕೈ ಹಿಡಿದುಕೊಂಡರು. ಹಾರೆ ಕೆಳಗೆ ಬಿತ್ತು. ಒಂಬತ್ತು ವರ್ಷದಿಂದ ಈ ರಸ್ತೆಯಲ್ಲಿ ಒಬ್ಬನೂ ವೇಗವಾಗಿ ಹೋಗಿಲ್ಲವೆಂದೂ, ಇದನ್ನು ಮಾಡಿದ ಕೈ ಯಾರದ್ದೆಂದು ತಾವು ಎಷ್ಟೋ ಸಲ ಯೋಚಿಸಿದ್ದುಂಟೆಂದೂ ಹೇಳಿ ಒಳಗೆ ಕರೆದುಕೊಂಡು ಹೋದರು. ಫಿಲ್ಟರ್ ಕಾಫಿ ಬಂತು, ಅರ್ಜಿಗಳ ದಪ್ಪ ಫೈಲು ಬಂತು, ಬದರಿನಾಥರ ಹೆಂಡತಿ ಬಂದು ನಮಸ್ಕಾರ ಮಾಡಿದರು. ಅರ್ಧ ಗಂಟೆಯ ನಂತರ ಯಲ್ಲಯ್ಯನವರು ಹೊರಗೆ ಬಂದಾಗ ಹೆಗಲ ಮೇಲೆ ಶಾಲು ಇತ್ತು. ರಸ್ತೆಯ ಇನ್ನೊಂದು ತುದಿಗೂ ಇದೇ ಎತ್ತರದ ಇನ್ನೊಂದು ಹಂಪು ಬೇಕೆಂಬ ಅರ್ಜಿಗೆ ತಜ್ಞರ ಜಾಗದಲ್ಲಿ ಅವರು ಸಹಿಯನ್ನೂ ಹಾಕಿ ಬಂದಿದ್ದರು.

ಶಾಲು ಹೊದ್ದು ಮನೆಗೆ ಬಂದ ಗಂಡನನ್ನು ಈಶ್ವರಮ್ಮ ಮೇಲಿಂದ ಕೆಳಗೆ ನೋಡಿದರು. “ಒಡೆಯೋಕೆ ಹೋದೋರು ಸನ್ಮಾನ ಮಾಡಿಸ್ಕೊಂಡು ಬಂದ್ರಾ? ನಾಳೆ ಸುಧಾನ ಡಾಕ್ಟ್ರಿಗೆ ತೋರಿಸ್ಬೇಕು. ನೀವೂ ಹೋಗಿ. ಅವರ ಹತ್ರಾನೇ ಕೇಳ್ಬಿಡಿ, ನಮ್ಮ ಜೀವ ತಿನ್ಬೇಡಿ.”

ಡಾಕ್ಟರ್ ಇಂದ್ರಾಣಿಯವರ ಕ್ಲಿನಿಕ್ ಜಯನಗರದಲ್ಲಿತ್ತು. ಐವತ್ತೈದರ ಹೆಂಗಸು, ಮಾತು ಕಡಿಮೆ. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು. ಅವರು ಮಗಳನ್ನು ಪರೀಕ್ಷಿಸಿ, ಎಲ್ಲ ಚೆನ್ನಾಗಿದೆ ಎಂದು ಹೇಳಿದ ಮೇಲೆ ಯಲ್ಲಯ್ಯನವರು ಕುರ್ಚಿಯಿಂದ ಎದ್ದು ನಿಂತರು. ಪೊಲೀಸ್ ಸ್ಟೇಷನ್ನಿನಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ ಇನ್ನೂರ ಹದಿನಾಲ್ಕು ಹಂಪು, ಒಂದೊಂದು ಬಾಂಡ್ಲಿ, ಮೊಸರು, ಸಬ್ಬಕ್ಕಿ ಎಲ್ಲವನ್ನೂ ಹೇಳಿದರು. ಸುಧಾಮಣಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಾ ಕೂತಳು.

ಡಾಕ್ಟರು ಪೂರ್ತಿ ಕೇಳಿದರು. ನಗಲಿಲ್ಲ.

“ಕೂತ್ಕೊಳ್ಳಿ ಯಲ್ಲಯ್ಯನವರೇ. ನಿಮ್ಮ ಸಬ್ಬಕ್ಕಿ ಕಡ್ಡಿ ಮೇಲೆ ಸುಮ್ಮನೆ ಅಂಟಿತ್ತು, ಅಲ್ವಾ? ಇವು ಹಾಗಲ್ಲ. ಇವಕ್ಕೆ ಹಿಡಿತ ಇದೆ. ಕೋಶ ಮೊದಲು ಮುಂದಕ್ಕೆ ಒಂದು ಎಳೆ ಚಾಚುತ್ತೆ, ಅದು ಕಂಬವನ್ನ ಗಟ್ಟಿಯಾಗಿ ಹಿಡಿಯುತ್ತೆ. ಆಮೇಲೆ ಒಳಗಿರೋ ತಿರುಳನ್ನ ಎಳ್ಕೊಳ್ಳುತ್ತೆ. ಮತ್ತೆ ಚಾಚುತ್ತೆ, ಮತ್ತೆ ಎಳ್ಕೊಳ್ಳುತ್ತೆ. ದಿನವೆಲ್ಲ ಹತ್ತಿದ್ರೂ ಅರ್ಧ ಸಾಸಿವೆ ಕಾಳಿನಷ್ಟು ದೂರ ಹೋದ್ರೆ ಹೆಚ್ಚು.”

“ಅಷ್ಟು ನಿಧಾನನಾ ಮೇಡಂ?”

“ಅಷ್ಟು ನಿಧಾನ. ಅವುಗಳ ಸುತ್ತ ಬೇರೆ ಕೋಶಗಳು ಒತ್ತಾಗಿ ಇರ್ತಾವೆ. ಬೀಳೋಕೆ ಜಾಗಾನೇ ಇಲ್ಲ. ಅದರಾಚೆ ಮಗು ನೀರಲ್ಲಿ ತೇಲ್ತಿದೆ, ಅದರಾಚೆ ನಿಮ್ಮ ಮಗಳ ಹೊಟ್ಟೆ ಇದೆ. ಕುಡಿತ, ಕೆಲವು ಸೋಂಕು, ಕೆಲವು ಔಷಧಿ, ಇಂಥವುಗಳಿಂದ ತೊಂದ್ರೆ ಆಗ್ಬಹುದು. ಕೆಲವೊಮ್ಮೆ ವಂಶವಾಹಿಯಲ್ಲೇ ದೋಷ ಇರುತ್ತೆ. ಹಂಪ್ ದಾಟಿದ್ರೆ ಕೋಶ ಉದುರಲ್ಲ.”

ಯಲ್ಲಯ್ಯನವರು ಉಸಿರು ಬಿಟ್ಟದ್ದು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು.

“ಕೋಶ ಉದುರಲ್ಲ,” ಎಂದು ಡಾಕ್ಟರು ಮತ್ತೆ ಹೇಳಿ, ಕೈಯನ್ನು ಮೆಲ್ಲಗೆ ಸೊಂಟದ ಬೆಲ್ಟಿನ ಮೇಲೆ ಇಟ್ಟರು. “ಆದ್ರೆ ಬೆನ್ನಿನ ಡಿಸ್ಕ್ ಜರುಗುತ್ತೆ. ಪದ್ಮನಾಭನಗರದ ಕಡೆಯಿಂದ ಬರುವಾಗ, ವಾಟರ್ ಟ್ಯಾಂಕ್ ಪಕ್ಕ, ತಿರುವಿನಲ್ಲಿ ಒಂದಿದೆ. ಅದು ನಿಮ್ಮದಾ?”

ಯಲ್ಲಯ್ಯನವರು ನೆಲ ನೋಡಿದರು. “ಅದಕ್ಕೆ ಎರಡು ಬಾಂಡ್ಲಿ ಬಿದ್ದೋಯ್ತು ಮೇಡಂ.”

ಮನೆಗೆ ವಾಪಸ್ ಬರುವಾಗ ಕೊಟ್ರಪ್ಪ ಅಭ್ಯಾಸಬಲದಿಂದ ಮೊದಲ ಹಂಪಿಗೆ ಆಟೋ ನಿಲ್ಲಿಸಿದ. ಯಲ್ಲಯ್ಯನವರು, “ನಡಿ ನಡಿ, ಅವಕ್ಕೆ ಹಿಡಿತ ಇದೆ,” ಅಂದರು. ಸುಧಾಮಣಿಗೆ ಅಪ್ಪನ ಮೇಲೆ ಕನಿಕರ ಹುಟ್ಟಿ ಇನ್ನೊಂದು ವಿಷಯ ಹೇಳಿದಳು. ಎಲ್ಲ ಕೋಶಗಳೂ ಕಂಬ ಹತ್ತಿ ಬರುವುದಿಲ್ಲ. ಕೆಲವು ಬೇರೆ ಕಡೆ ಹುಟ್ಟಿ, ದೂರದಿಂದ ಅಡ್ಡಡ್ಡ ನಡೆದುಕೊಂಡು ಬಂದು ಸೇರಿಕೊಳ್ಳುತ್ತವೆ. ಬೇರೆ ಕೋಶಗಳು ಅತಿಯಾಗಿ ಓಡದ ಹಾಗೆ ತಡೆಯುವುದು ಅವುಗಳ ಕೆಲಸ. ಅವಿಲ್ಲದಿದ್ದರೆ ಮೆದುಳಿನಲ್ಲಿ ಎಲ್ಲ ಒಟ್ಟಿಗೆ ನುಗ್ಗಿ ಗಲಾಟೆಯಾಗುತ್ತದೆ.

“ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಥರ,” ಅಂದ ಕೊಟ್ರಪ್ಪ ಮುಂದಿನಿಂದ.

“ಅಂದ್ರೆ ಮೆದುಳಲ್ಲೂ ಹಂಪ್ ಇದೆ ಅನ್ನು,” ಎಂದರು ಯಲ್ಲಯ್ಯನವರು. ಸುಧಾಮಣಿ ಇಲ್ಲ ಅನ್ನಲಿಲ್ಲ. ಹೊಸಕೆರೆಹಳ್ಳಿ ಮುಟ್ಟುವ ತನಕ ಅವರು ಎದೆ ಸೆಟೆಸಿ ಕೂತಿದ್ದರು.

ಇಲ್ಲಿಗೆ ಎಲ್ಲ ಮುಗಿಯಿತೆಂದು ಈಶ್ವರಮ್ಮ ತಿಳಿದರು. ಆದರೆ ಫೆಬ್ರವರಿಯಲ್ಲಿ ಸುಧಾಮಣಿಯೇ ಅಪ್ಪನನ್ನು ಕಾಲೇಜಿಗೆ ಕರೆದಳು. ಅರವತ್ತು ಮಕ್ಕಳಿಗೆ ಬೋರ್ಡಿನ ಮೇಲೆ ಎಷ್ಟು ಬರೆದರೂ ಆ ಆರು ಪದರ ತಲೆಗೆ ಹೋಗಿರಲಿಲ್ಲ. ಯಲ್ಲಯ್ಯನವರು ಬದರಿನಾಥರ ಶಾಲು ಹೊದ್ದುಕೊಂಡೇ ಹೋದರು. ತರಗತಿಯಲ್ಲಿ ಎರಡು ನಿಮಿಷ ನಿಂತು ನೋಡಿ, “ಇಲ್ಲಿ ಆಗಲ್ಲ, ಮೆಟ್ಲಿಗೆ ನಡೀರಿ,” ಅಂದರು.

ಕಾಲೇಜಿನ ಮೆಟ್ಟಿಲ ಕಂಬಿಯೇ ಕಂಬವಾಯಿತು. ಹತ್ತತ್ತು ಮಕ್ಕಳ ಆರು ತಂಡ. ಮೊದಲ ತಂಡ ಕಂಬಿ ಹಿಡಿದು ಹತ್ತಿ ಮೊದಲ ತಿರುವಿನಲ್ಲಿ ನಿಲ್ಲಬೇಕು. ಎರಡನೆಯ ತಂಡ ಅವರ ನಡುವೆ ತೂರಿಕೊಂಡು ಮೇಲಿನ ತಿರುವಿಗೆ ಹೋಗಬೇಕು. ಯಲ್ಲಯ್ಯನವರು ಮೇಲಿನ ಅಂತಸ್ತಿನಲ್ಲಿ ನಿಂತು, ಮೂವತ್ತೊಂದು ವರ್ಷ ರೋಲರ್ ಸದ್ದಿನ ಮೇಲೆ ಪಳಗಿದ ಗಂಟಲಿನಲ್ಲಿ, “ಕಂಬಿ ಬಿಡ್ಬೇಡ! ತೂರ್ಕೊಂಡ್ ಬಾ! ನೀನು ಅಲ್ಲೇ ನಿಲ್ಲು!” ಎಂದು ಕೂಗಿದರು. ನಾಲ್ಕನೆಯ ತಂಡ ಹತ್ತುವಾಗ ಪ್ರಿನ್ಸಿಪಾಲರು ಫೈಲು ಹಿಡಿದು ಮೇಲಿನಿಂದ ಇಳಿಯುತ್ತಿದ್ದರು. ಅವರು ನರಕೋಶ ಅಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಐದನೆಯ ತಂಡ ಅವರನ್ನು ಹಿಂದುಮುಂದಾಗಿಯೇ ಮೇಲಕ್ಕೆ ಒಯ್ದು ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲಿ ನಿಲ್ಲಿಸಿತು. ಪ್ರಿನ್ಸಿಪಾಲರು ಏನೋ ಹೇಳಲು ಬಾಯಿ ತೆಗೆದರು. ಯಲ್ಲಯ್ಯನವರು ಅವರನ್ನು ಮೆಲ್ಲಗೆ ಭುಜ ಹಿಡಿದು ಎರಡು ಮೆಟ್ಟಿಲು ಕೆಳಗಿಳಿಸಿ, “ನಿಮ್ಮ ಪದರ ಇದು ಸಾರ್,” ಅಂದರು. ಪ್ರಿನ್ಸಿಪಾಲರು ಆರನೆಯ ತಂಡ ದಾಟುವ ತನಕ ಅಲ್ಲೇ ನಿಂತಿದ್ದರು.

ಮುಂದಿನ ಕಿರುಪರೀಕ್ಷೆಯಲ್ಲಿ ಎಲ್ಲರೂ ಆ ಪ್ರಶ್ನೆಗೆ ಉತ್ತರ ಬರೆದಿದ್ದರು. ನರಕೋಶಗಳಿಗೆ ನಿಲ್ಲುವ ಸೂಚನೆ ಕೊಡುವುದು ಯಾವುದು ಎಂಬಲ್ಲಿ ಮಾತ್ರ ಹನ್ನೊಂದು ಮಂದಿ ‘ಮೇಸ್ತ್ರಿ’ ಎಂದು ಬರೆದಿದ್ದರು. ಸುಧಾಮಣಿ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತು, ಅರ್ಧ ಅಂಕ ಕೊಟ್ಟಳು.

ಹೆಣ್ಣು ಮಗು ಹುಟ್ಟಿದ್ದು ಜುಲೈ ಮೊದಲ ವಾರ. ಮನೆಗೆ ಬಂದ ಮೇಲೆ ಈಶ್ವರಮ್ಮ ದಿನಾ ಬೆಳಗ್ಗೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದರು. ಒಂದು ದಿನ ಯಲ್ಲಯ್ಯನವರು ಪಕ್ಕದಲ್ಲಿ ಕೂತು ನೋಡುವಾಗ, ಆ ನೆತ್ತಿ ಉಸಿರಾಡುವ ಹಾಗೆ ಮೆಲ್ಲಗೆ ಏರಿಳಿಯುತ್ತಿರುವುದು ಕಾಣಿಸಿತು. ಅವರು ಒಂದು ಬೆರಳನ್ನು ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

“ಸುಧಾ, ಇಲ್ಲಿ ಇನ್ನೂ ಮೆತ್ತಗಿದೆಯಲ್ಲಮ್ಮಾ.”

“ಎಲ್ಲಾ ಮಕ್ಕಳಿಗೂ ಹಂಗೇ ಅಪ್ಪ. ಮೂಳೆ ಇನ್ನೂ ಕೂಡಿರಲ್ಲ.”

ಯಲ್ಲಯ್ಯನವರು ಎಣ್ಣೆ ಬಟ್ಟಲನ್ನು ನೋಡಿದರು, ನೆತ್ತಿಯನ್ನು ನೋಡಿದರು. ಮೋರಿಗೆ ಕಾಂಕ್ರೀಟ್ ಚಪ್ಪಡಿ ಹಾಕಿದಾಗ ಮೇಲೆ ಗೋಣಿ ಹಾಸಿ, ಗಟ್ಟಿಯಾಗುವ ತನಕ ಯಾರನ್ನೂ ಹತ್ತಗೊಡದೆ ದಿನಾ ನೀರು ಹೊಯ್ಯುತ್ತಿದ್ದದ್ದು ನೆನಪಾಗಿ ಅವರ ಮುಖ ತಿಳಿಯಾಯಿತು.

“ಕ್ಯೂರಿಂಗ್,” ಅಂದರು. “ಎಷ್ಟು ದಿನ?”

“ಒಂದೂವರೆ ವರ್ಷ ಆಗುತ್ತೆ.”

ಯಲ್ಲಯ್ಯನವರು ಮಂಡಿ ಹಿಡಿದುಕೊಂಡು ಎದ್ದರು. ಹೊರಗಿನಿಂದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. ಸಂಜೆ ಮಗು ನೋಡಲು ಬಂದ ಈಶ್ವರಮ್ಮನ ಅಕ್ಕ, ಅವರ ಸೊಸೆ, ಎದುರು ಮನೆಯ ಪ್ರಿಯಾಂಕಾ ಮೂವರೂ ಕಿಟಕಿಯಿಂದಲೇ ನೋಡಿಕೊಂಡು ಹೋದರು.